ಹೊಗಳಿಕೆಯಲ್ಲಿ ಮನುಷ್ಯ ಕಾಣುವುದಿಲ್ಲ: ಟಿವಿ ಮುಖ್ಯಸ್ಥರ ನೆನಪಿನ ಸಂಪುಟ ತರುವವರ ಪ್ರಶ್ನೆಗಳಿಗೆ ಉತ್ತರ

ಮಲೆನಾಡಿನ ಊರುಗಳಿಂದ ಹೋಗಿ ದೂರದರ್ಶನದಲ್ಲೋ ಖಾಸಗಿ ವಾಹಿನಿಯಲ್ಲೋ ದೊಡ್ಡ ಜವಾಬ್ದಾರಿ ಹೊತ್ತವರಿದ್ದಾರೆ. ಅಂಥವರ ಬಗ್ಗೆ ಜೊತೆಯಲ್ಲಿ ಕೆಲಸ ಮಾಡಿದವರ ನೆನಪುಗಳನ್ನು ಕೂಡಿಸಿ ಪುಸ್ತಕ ಮಾಡಲು ಹೊರಟವರಿಂದ ಈ ಸಲ ಹೆಚ್ಚು ಪತ್ರಗಳು ಬಂದಿವೆ. ಕಾರ್ಯಕ್ರಮ ವಿಭಾಗ, ಧ್ವನಿಮುದ್ರಣ, ಟೇಪ್ ಲೈಬ್ರರಿ ಮತ್ತು ಗ್ರಂಥ ಸಂಪಾದನೆಯ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮೂರಿನವರೊಬ್ಬರು ವಾಹಿನಿಯೊಂದರ ಕಾರ್ಯಕ್ರಮ ಮುಖ್ಯಸ್ಥರಾಗಿದ್ದರು. ತೀರಿಕೊಂಡು ವರ್ಷವಾಯಿತು. ಸಹೋದ್ಯೋಗಿಗಳಿಂದ 14 ಲೇಖನ ತರಿಸಿದೆವು. ಹದಿನಾಲ್ಕರಲ್ಲೂ ‘ಸರಳ, ಸಜ್ಜನ, ದೂರದೃಷ್ಟಿಯುಳ್ಳವರು’ ಎಂದೇ ಇದೆ. ಅವರು ಮಾಡಿದ ಕೆಲಸ ಏನು ಅಂತ ಓದಿದವರಿಗೆ ಗೊತ್ತಾಗುವ ಹಾಗಿಲ್ಲ. ಏನು ಮಾಡೋಣ?
— ತೀರ್ಥಹಳ್ಳಿ

ಉತ್ತರ: ಲೇಖನ ಬರೆದವರ ತಪ್ಪಲ್ಲ. ‘ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ’ ಎಂದು ಕೇಳಿದರೆ ಯಾರೇ ಆದರೂ ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆ. ಕೇಳುವ ಕ್ರಮ ಬದಲಾಗಬೇಕು. ಹಾಗೆ ಬದಲಾಗಬೇಕಾದರೆ ಕೇಳುವವರಿಗೆ ಆ ಹುದ್ದೆಯ ಕೆಲಸ ತಿಳಿದಿರಬೇಕು.

ನಟರು ನಟಿಸುತ್ತಾರೆ, ನಿರ್ದೇಶಕರು ನಿರ್ದೇಶಿಸುತ್ತಾರೆ. ಕಾರ್ಯಕ್ರಮ ಮುಖ್ಯಸ್ಥರ ಕೆಲಸ ಪರದೆಯ ಮೇಲೆ ಕಾಣುವುದಿಲ್ಲ. ಬಂದ ಕಥೆಗಳಲ್ಲಿ ಯಾವುದನ್ನು ಒಪ್ಪುವುದು, ಯಾವ ಹೊತ್ತಿಗೆ ಹಾಕುವುದು, ಸೋಲುತ್ತಿರುವುದನ್ನು ಎಷ್ಟು ದಿನ ತಾಳುವುದು, ಯಾವಾಗ ನಿಲ್ಲಿಸುವುದು: ಅವರ ಬದುಕೆಲ್ಲ ಈ ನಾಲ್ಕು ತೀರ್ಮಾನಗಳಲ್ಲಿ ಕಳೆಯುತ್ತದೆ. ಆ ತೀರ್ಮಾನಗಳು ಕೂತಿರುವ ಕಾಗದದ ಹೆಸರು ಎಫ್‌ಪಿಸಿ, ಅಂದರೆ ಫಿಕ್ಸ್ಡ್ ಪಾಯಿಂಟ್ ಚಾರ್ಟ್. ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಅರ್ಧರ್ಧ ಗಂಟೆಯ ಮನೆಗಳು. ಒಂದು ಮನೆಯ ಹೆಸರು ಬದಲಾದರೆ ಅದರ ಹಿಂದೆ ಒಂದು ಜಗಳ, ಒಂದು ಲೆಕ್ಕಾಚಾರ, ಒಬ್ಬ ನಿರ್ಮಾಪಕರ ಸಂಕಟ ಇದ್ದೇ ಇರುತ್ತದೆ. ಸಹೋದ್ಯೋಗಿಗಳ ಬಳಿ ಇರುವ ಬೆಲೆಬಾಳುವ ನೆನಪು ಅದೇ.

ಆದ್ದರಿಂದ ಮೊದಲು ಅವರು ಅಧಿಕಾರದಲ್ಲಿದ್ದ ವರ್ಷಗಳ ಎಫ್‌ಪಿಸಿಯನ್ನು ನೀವೇ ಕಟ್ಟಿಕೊಳ್ಳಿ. ಮೂಲ ಚಾರ್ಟ್ ಸಿಗದಿದ್ದರೆ ಹಳೆಯ ದಿನಪತ್ರಿಕೆಗಳ ‘ಇಂದಿನ ಟಿವಿ’ ಅಂಕಣ ನೋಡಿ. ವರ್ಷಕ್ಕೆ ನಾಲ್ಕು ವಾರ ಸಾಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನ ಮೊದಲ ವಾರ. ಗ್ರಂಥಾಲಯದ ಪತ್ರಿಕೆ ಕಟ್ಟುಗಳಲ್ಲಿ ಎರಡು ದಿನ ಕೂತರೆ ಐದು ವರ್ಷದ ಪಟ್ಟಿ ಸಿದ್ಧ. ಯಾವ ಧಾರಾವಾಹಿ ಏಳು ಗಂಟೆಯಿಂದ ಒಂಬತ್ತಕ್ಕೆ ಸರಿಯಿತು, ಯಾವುದು ಮೂರೇ ತಿಂಗಳಿಗೆ ಮಾಯವಾಯಿತು ಎಂಬುದು ಅಲ್ಲೇ ಕಣ್ಣಿಗೆ ಬೀಳುತ್ತದೆ. ಹಾಗೆ ಕಂಡ ಪ್ರತಿಯೊಂದು ಬದಲಾವಣೆಯೂ ನಿಮ್ಮ ಒಂದೊಂದು ಪ್ರಶ್ನೆ.

‘ಅವರು ಹೇಗಿದ್ದರು?’ ಎಂದು ಕೇಳಬೇಡಿ. ‘ಆ ಧಾರಾವಾಹಿ ನಿಲ್ಲಿಸಿದ ಸುದ್ದಿಯನ್ನು ನಿರ್ಮಾಪಕರಿಗೆ ಅವರೇ ಹೇಳಿದರೋ, ಬೇರೆಯವರಿಂದ ಹೇಳಿಸಿದರೋ?’ ಎಂದು ಕೇಳಿ. ‘2020ರ ಮಾರ್ಚಿನಲ್ಲಿ ಚಿತ್ರೀಕರಣ ನಿಂತಾಗ ನಿಮ್ಮ ಬ್ಯಾಂಕಿನಲ್ಲಿ ಎಷ್ಟು ಸಂಚಿಕೆ ಇತ್ತು? ಅದು ಮುಗಿದ ದಿನ ಏನು ಹಾಕಿದಿರಿ? ಯಾರು ಹೇಳಿದ್ದು?’ ಎಂದು ಕೇಳಿ. ಪ್ರಸಾರಕ್ಕೆ ಮುಂಚೆ ಸಿದ್ಧವಾಗಿ ಕೂತಿರುವ ಸಂಚಿಕೆಗಳಿಗೆ ಬ್ಯಾಂಕ್ ಎನ್ನುತ್ತಾರೆ. ವಾರಕ್ಕೆ ಐದು ಸಂಚಿಕೆ ಹೋಗುವ ಧಾರಾವಾಹಿಗೆ ಹತ್ತು ಸಂಚಿಕೆಯ ಬ್ಯಾಂಕ್ ಇದ್ದರೆ ಉಸಿರಾಡಲು ಎರಡೇ ವಾರ. ಆ ಲಾಕ್‌ಡೌನಿನಲ್ಲಿ ವಾಹಿನಿಗಳು ಹಳೆಯ ಸಂಚಿಕೆಗಳಿಗೆ ಮರಳಿದವು. ದೂರದರ್ಶನ ಮಾರ್ಚ್ 28ರಿಂದ ರಾಮಾಯಣವನ್ನು ಮತ್ತೆ ತೋರಿಸಿತು. ಆ ವಾರಗಳಲ್ಲಿ ಯಾವ ಮುಖ್ಯಸ್ಥರು ಏನು ಮಾಡಿದರು ಎಂಬುದು ಕೆಳಗಿನ ನೌಕರರಿಗೆ ಚೆನ್ನಾಗಿ ನೆನಪಿರುತ್ತದೆ.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ನಿಮ್ಮ 14 ಲೇಖಕರಲ್ಲಿ ನಿರ್ದೇಶಕರು, ನಟರು, ಸಾಹಿತಿಗಳೇ ತುಂಬಿರುವಂತಿದೆ. ಅವರು ಮುಖ್ಯಸ್ಥರನ್ನು ಕಂಡಿದ್ದು ಕಥೆ ಹೇಳುವ ದಿನ, ಸಂಭಾವನೆ ಮಾತಾಡುವ ದಿನ, ಪ್ರಶಸ್ತಿಯ ದಿನ. ದಿನವೂ ಕಂಡವರು ಬೇರೆ. ಶೆಡ್ಯೂಲಿಂಗ್ ವಿಭಾಗದವರು, ಪ್ರೊಮೊ ಕತ್ತರಿಸುತ್ತಿದ್ದ ಸಂಕಲನಕಾರರು, ಟೇಪ್ ಲೈಬ್ರರಿಯವರು, ಜಾಹೀರಾತು ಮಾರಾಟದವರು, ಆಪ್ತ ಸಹಾಯಕರು, ರಾತ್ರಿ ಪಾಳಿಯ ಎಂಜಿನಿಯರ್, ಕಾರಿನ ಚಾಲಕರು. ಜಾಹೀರಾತು ವಿಭಾಗದವರನ್ನಂತೂ ಬಿಡಲೇಬಾರದು. ಕಾರ್ಯಕ್ರಮದವರಿಗೂ ಅವರಿಗೂ ದಿನನಿತ್ಯ ಎಳೆದಾಟ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದೆಂದು ನಿಯಮವಿದೆ: 10 ನಿಮಿಷ ವಾಣಿಜ್ಯದ್ದು, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರದ್ದು. ಅರ್ಧ ಗಂಟೆಯ ಸ್ಲಾಟಿನಲ್ಲಿ ಕಥೆಗೆ ಉಳಿಯುವುದು 22ರಿಂದ 24 ನಿಮಿಷ. ಆ ಒಂದೆರಡು ನಿಮಿಷಕ್ಕಾಗಿ ಮುಖ್ಯಸ್ಥರು ಯಾರ ಪರ ನಿಂತರು ಎಂದು ಕೇಳಿದರೆ ಅವರ ಸ್ವಭಾವ ತಾನಾಗಿ ಹೊರಬರುತ್ತದೆ.

ಬಂದಿರುವ ಲೇಖನಗಳನ್ನು ಬಿಸಾಡಬೇಡಿ. ಪ್ರತಿಯೊಬ್ಬರಿಗೂ ಅವರ ಲೇಖನದಿಂದಲೇ ಮೂರು ಪ್ರಶ್ನೆ ತೆಗೆದು ಕಳಿಸಿ. ‘ದೂರದೃಷ್ಟಿಯುಳ್ಳವರು’ ಎಂದು ಬರೆದವರಿಗೆ ‘ಎಲ್ಲರೂ ಬೇಡ ಎಂದಾಗ ಅವರು ಬೇಕು ಎಂದ ಒಂದು ಕಾರ್ಯಕ್ರಮ ಹೇಳಿ, ಬೇಡ ಎಂದವರ ಕಾರಣವನ್ನೂ ಹೇಳಿ’ ಎಂದು ಕೇಳಿ. ಉತ್ತರ ಬಂದರೆ ಲೇಖನ ಬದುಕಿತು. ಬಾರದಿದ್ದರೆ ಅದನ್ನು ಅರ್ಧ ಪುಟದ ನುಡಿನಮನವಾಗಿ ಕೊನೆಗೆ ಹಾಕಿ.

ಪ್ರಶ್ನೆ: ಜನಪ್ರಿಯ ಧಾರಾವಾಹಿಯೊಂದು ತಮ್ಮ ಸಲಹೆಯಿಂದಲೇ ಹುಟ್ಟಿದ್ದು ಎಂದು ಇಬ್ಬರು ಸಹೋದ್ಯೋಗಿಗಳು ಹೇಳುತ್ತಾರೆ. ಮನೆಯವರು ‘ಅದು ನಮ್ಮವರದೇ ಕಲ್ಪನೆ’ ಎನ್ನುತ್ತಾರೆ. ಯಾರನ್ನು ನಂಬುವುದು?
— ವಿನೋಬನಗರ, ಶಿವಮೊಗ್ಗ

ಉತ್ತರ: ಇದು ಎಲ್ಲ ದೇಶದ ಟಿವಿಯಲ್ಲೂ ಇರುವ ತಕರಾರು. ಅಮೆರಿಕದ ಎರಡು ಉದಾಹರಣೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಬ್ರಾಂಡನ್ ಟಾರ್ಟಿಕಾಫ್ 1980ರಲ್ಲಿ, 31ರ ಹರೆಯದಲ್ಲಿ, ಎನ್‌ಬಿಸಿ ಜಾಲದ ಮನರಂಜನಾ ವಿಭಾಗದ ಅಧ್ಯಕ್ಷರಾದವರು. 1991ರವರೆಗೆ ಅಲ್ಲಿದ್ದರು. 1997ರಲ್ಲಿ, 48ನೇ ವಯಸ್ಸಿಗೆ, ಹಾಡ್ಕಿನ್ಸ್ ಕಾಯಿಲೆಯಿಂದ ತೀರಿಕೊಂಡರು. ಅವರ ಬಗ್ಗೆ ಪದೇ ಪದೇ ಹೇಳುವ ಕಥೆಯೊಂದಿದೆ. ಒಂದು ಚೀಟಿಯಲ್ಲಿ ‘ಎಂಟಿವಿ ಪೊಲೀಸರು’ ಎಂದು ಎರಡೇ ಪದ ಬರೆದರಂತೆ (ಎಂಟಿವಿ ಅಂದರೆ ಹಾಡುಗಳ ವಾಹಿನಿ), ಅದರಿಂದ 1984ರಲ್ಲಿ ‘ಮಯಾಮಿ ವೈಸ್’ ಎಂಬ ಪೊಲೀಸ್ ಧಾರಾವಾಹಿ ಹುಟ್ಟಿತಂತೆ. ಧಾರಾವಾಹಿಯನ್ನು ಬರೆದು ಕಟ್ಟಿದ ಆಂಥನಿ ಯರ್ಕೊವಿಚ್ ಹೇಳುವುದು ಬೇರೆ: ಅಪರಾಧಿಗಳಿಂದ ಮುಟ್ಟುಗೋಲು ಹಾಕಿಕೊಂಡ ಸ್ವತ್ತನ್ನು ಪೊಲೀಸರೇ ತನಿಖೆಗೆ ಬಳಸಬಹುದೆಂಬ ಕಾನೂನಿನ ವಿಷಯ ತಿಳಿದಾಗ ಈ ಕಥೆ ಹೊಳೆಯಿತು ಎಂದು. ಬಡ ಸಂಬಳದ ಪೊಲೀಸ್ ದುಬಾರಿ ಕಾರಿನಲ್ಲಿ ಓಡಾಡುವುದು ಹೇಗೆ ಎಂಬುದಕ್ಕೆ ಉತ್ತರ ಆ ಕಾನೂನಿನಲ್ಲಿದೆ, ಚೀಟಿಯಲ್ಲಿಲ್ಲ. ಆದರೂ ಚೀಟಿಯ ಕಥೆಯೇ ಹೆಚ್ಚು ಓಡಾಡುತ್ತದೆ, ಯಾಕೆಂದರೆ ಅದನ್ನು ಒಂದೇ ಉಸಿರಿಗೆ ಹೇಳಬಹುದು. ನಿಮ್ಮ ಸಂಪುಟಕ್ಕೆ ಬಂದ ನೆನಪು ಅಷ್ಟು ಚೆಂದವಾಗಿ, ಅಷ್ಟು ಚಿಕ್ಕದಾಗಿ ಇದ್ದರೆ ಅದನ್ನೇ ಮೊದಲು ಪರೀಕ್ಷಿಸಿ.

ಎರಡನೆಯದು ಇನ್ನೂ ತಿಳಿವಳಿಕೆ ಕೊಡುವಂಥದ್ದು. ಫ್ರೆಡ್ ಸಿಲ್ವರ್‌ಮನ್ ಅಮೆರಿಕದ ಮೂರು ದೊಡ್ಡ ಜಾಲಗಳಲ್ಲೂ, ಅಂದರೆ ಸಿಬಿಎಸ್, ಎಬಿಸಿ, ಎನ್‌ಬಿಸಿಗಳಲ್ಲಿ, ಕಾರ್ಯಕ್ರಮಗಳ ಹೊಣೆ ಹೊತ್ತವರು. ವಿದ್ಯಾರ್ಥಿಯಾಗಿದ್ದಾಗಲೇ ಎಬಿಸಿಯ ಹಲವು ವರ್ಷಗಳ ಕಾರ್ಯಕ್ರಮ ಪಟ್ಟಿಯನ್ನು ವಿಶ್ಲೇಷಿಸಿ 400 ಪುಟ ದಾಟಿದ ಪ್ರಬಂಧ ಬರೆದಿದ್ದರು. ಎಬಿಸಿಯನ್ನು ಮೊದಲ ಸ್ಥಾನಕ್ಕೆ ತಂದರು, 1978ರಲ್ಲಿ ಎನ್‌ಬಿಸಿಗೆ ಬಂದು ಸೋತರು, 1981ರಲ್ಲಿ ಹೊರಟರು. ಅವರ ಜಾಗಕ್ಕೆ ಬಂದ ಗ್ರಾಂಟ್ ಟಿಂಕರ್ 1986ರವರೆಗೆ ಇದ್ದು ಮೂರನೇ ಸ್ಥಾನದ ಎನ್‌ಬಿಸಿಯನ್ನು ಮೊದಲಕ್ಕೆ ಏರಿಸಿದರು. ಇಷ್ಟೇ ಓದಿದರೆ ಒಬ್ಬರು ಕೆಡಿಸಿದರು, ಇನ್ನೊಬ್ಬರು ಕಟ್ಟಿದರು ಎನಿಸುತ್ತದೆ. ಆದರೆ ಎನ್‌ಬಿಸಿಯ ಮರ್ಯಾದೆ ಎತ್ತಿದ ‘ಹಿಲ್ ಸ್ಟ್ರೀಟ್ ಬ್ಲೂಸ್’ ಧಾರಾವಾಹಿಯ ಪ್ರಸಾರ ಶುರುವಾಗಿದ್ದು 1981ರ ಜನವರಿಯಲ್ಲಿ, ಸಿಲ್ವರ್‌ಮನ್ ಇನ್ನೂ ಕುರ್ಚಿಯಲ್ಲಿದ್ದಾಗ. ಹೇಳಿ ಮಾಡಿಸಿದವರೂ ಅವರೇ, ಪಟ್ಟಿಯ ತಳದಲ್ಲಿ ತೆವಳುತ್ತಿದ್ದರೂ ಉಳಿಸಿಕೊಂಡವರೂ ಅವರೇ. ಮೊದಲ ಸೀಸನ್ನಿಗೇ ಎಂಟು ಎಮ್ಮಿ ಪ್ರಶಸ್ತಿ ಬಂತು. ಅದನ್ನು ತಯಾರಿಸಿದ ಎಂಟಿಎಂ ಸಂಸ್ಥೆಯ ಮುಖ್ಯಸ್ಥರು ಆಗ ಯಾರು ಅಂದರೆ, ಅದೇ ಗ್ರಾಂಟ್ ಟಿಂಕರ್! ಇನ್ನು ಟಾರ್ಟಿಕಾಫ್ ಅವರನ್ನು ಆ ಸ್ಥಾನಕ್ಕೆ ತಂದವರು ಸಿಲ್ವರ್‌ಮನ್, ಮುಂದುವರಿಸಿದವರು ಟಿಂಕರ್. ಹಾಗಾಗಿ ಟಿಂಕರ್ ಕಾಲದಲ್ಲಿ ಸೇರಿದವರ ನೆನಪಿನಲ್ಲಿ ಒಂದು ಚಿತ್ರ, ಮುಂಚಿನಿಂದ ಇದ್ದವರ ನೆನಪಿನಲ್ಲಿ ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಂಡದ್ದನ್ನು ಹೇಳುತ್ತಿದ್ದಾರೆ, ಕಂಡದ್ದು ಅರ್ಧ.

ಈಗ ನಿಮ್ಮ ತಕರಾರು. ‘ಯಾರ ಕಲ್ಪನೆ’ ಎಂಬ ಒಂದು ಪ್ರಶ್ನೆಯನ್ನು ಐದಾಗಿ ಒಡೆಯಿರಿ. ಒಂದೆಳೆ ಕಥೆ ಮೊದಲು ಹೇಳಿದ್ದು ಯಾರು? ಪೈಲಟ್ಟಿಗೆ, ಅಂದರೆ ಪರೀಕ್ಷೆಗೆಂದು ಮೊದಲು ತಯಾರಿಸುವ ಸಂಚಿಕೆಗೆ, ಹಣ ಮಂಜೂರು ಮಾಡಿದ್ದು ಯಾರು? ಸ್ಲಾಟ್ ಗೊತ್ತುಮಾಡಿದ್ದು ಯಾರು? ಮೊದಲ ತಿಂಗಳ ಸೋಲಿನಲ್ಲಿ ನಿಲ್ಲಿಸದಂತೆ ತಡೆದದ್ದು ಯಾರು? ನೂರನೇ ಸಂಚಿಕೆಯ ಹೊತ್ತಿಗೆ ಕಥೆಯ ದಿಕ್ಕು ತಿರುಗಿಸಿದ್ದು ಯಾರು? ಐದಕ್ಕೂ ಒಬ್ಬರದೇ ಹೆಸರು ಬರುವುದು ಅಪರೂಪ. ಬಹಳ ಸಲ ಮೊದಲನೆಯದಕ್ಕೆ ಲೇಖಕರು, ಎರಡು ಮೂರಕ್ಕೆ ಮುಖ್ಯಸ್ಥರು, ನಾಲ್ಕಕ್ಕೆ ಯಾರೂ ನೆನೆಯದ ಕಿರಿಯ ಅಧಿಕಾರಿಯೊಬ್ಬರು ಸಿಗುತ್ತಾರೆ. ನಿಮ್ಮ ಇಬ್ಬರು ಸಹೋದ್ಯೋಗಿಗಳ ಮಾತೂ ಬೇರೆ ಬೇರೆ ಹಂತದಲ್ಲಿ ನಿಜವಾಗಿರಬಹುದು. ಜಗಳ ಅಲ್ಲಿಗೇ ಕರಗುತ್ತದೆ.

ಹಾಗೂ ಮುಗಿಯದಿದ್ದರೆ ಕಾಗದ ನೋಡಿ: ಒಪ್ಪಂದದ ದಿನಾಂಕ, ಪೈಲಟ್ ಟೇಪಿನ ಮೇಲಿನ ಚೀಟಿ, ಡೈರಿ. ಕಾಗದವೂ ಇಲ್ಲದಿದ್ದರೆ ಎರಡೂ ನೆನಪನ್ನು ಪಕ್ಕಪಕ್ಕ ಅಚ್ಚು ಮಾಡಿ. ತೀರ್ಪು ಕೊಡುವುದು ಸಂಪಾದಕರ ಕೆಲಸವಲ್ಲ. ಒಂದನ್ನು ಮುಚ್ಚಿಡುವುದಂತೂ ಖಂಡಿತ ಅಲ್ಲ.

ಪ್ರಶ್ನೆ: ಎಲ್ಲ ಲೇಖನಗಳಲ್ಲೂ ‘ಅವರ ಕಾಲದಲ್ಲಿ ವಾಹಿನಿ ಟಿಆರ್‌ಪಿಯಲ್ಲಿ ನಂಬರ್ ಒನ್’ ಎಂದಿದೆ. ಹಾಗೇ ಬಿಡಬಹುದೇ?
— ಸಾಗರ

ಉತ್ತರ: ಬಿಡಬೇಡಿ. ನಂಬರ್ ಒನ್ ಎಂಬ ಮಾತಿಗೆ ನಾಲ್ಕು ವಿವರ ಬೇಕು: ಯಾವ ವಾರ, ಯಾವ ಪ್ರದೇಶ, ಯಾವ ವಯಸ್ಸಿನ ಪ್ರೇಕ್ಷಕರು, ಯಾವ ಹೊತ್ತು. ಬರೀ ಸಂಜೆ ಏಳೂವರೆಯ ಸ್ಲಾಟಿನಲ್ಲಿ ಮೊದಲಿದ್ದರೂ ವಾಹಿನಿಯವರು ಹಬ್ಬ ಮಾಡುತ್ತಾರೆ. ಅದು ತಪ್ಪಲ್ಲ, ಆದರೆ ಇಡೀ ವಾಹಿನಿ ಮೊದಲಿತ್ತು ಎಂದು ಅದರ ಅರ್ಥವಲ್ಲ.

ರೇಟಿಂಗ್ ಮತ್ತು ಶೇರ್ ಎರಡನ್ನೂ ಜನ ಕಲಸಿಬಿಡುತ್ತಾರೆ. ಒಂದು ಊರಿನಲ್ಲಿ ಟಿವಿ ಇರುವ 100 ಮನೆ ಇವೆ ಎನ್ನಿ. ಎಂಟು ಗಂಟೆಗೆ 60 ಮನೆಯಲ್ಲಿ ಟಿವಿ ಹಚ್ಚಿದ್ದಾರೆ, ಅದರಲ್ಲಿ 15 ಮನೆಯವರು ನಿಮ್ಮ ಧಾರಾವಾಹಿ ನೋಡುತ್ತಿದ್ದಾರೆ. ಒಟ್ಟು 100 ಮನೆಯಲ್ಲಿ 15, ಅದು ರೇಟಿಂಗ್ 15. ಟಿವಿ ಹಚ್ಚಿದ 60ರಲ್ಲಿ 15, ಅಂದರೆ ಶೇಕಡಾ 25, ಅದು ಶೇರ್ 25. ‘ನಮಗೆ 25 ಬಂದಿತ್ತು’ ಎಂದು ಒಬ್ಬರು, ‘ಇಲ್ಲ, ಹದಿನೈದೇ’ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರೂ ಸರಿ ಇರಬಹುದು.

ಇನ್ನೊಂದು ವಿಷಯ ಮಲೆನಾಡಿನವರು ನೆನಪಿಡಬೇಕು. 2015ರಲ್ಲಿ ಟಿವಿ ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆಯ ಲೆಕ್ಕ ಶುರುವಾಯಿತು, ಹಳ್ಳಿಯ ಮನೆಗಳು ಎಣಿಕೆಗೆ ಬಂದಿದ್ದು ಅದೇ ವರ್ಷದ ಅಕ್ಟೋಬರಿನಿಂದ. ಅದಕ್ಕೂ ಮುಂಚೆ ಇದ್ದ ಟ್ಯಾಮ್ ಸಂಸ್ಥೆಯ ಲೆಕ್ಕ ಪಟ್ಟಣಗಳದ್ದು. ಅಂದರೆ ಹೊಸನಗರದ ಹಳ್ಳಿಮನೆಯ ಜಗಲಿಯಲ್ಲಿ ಹತ್ತು ಜನ ಕೂತು ನೋಡಿದ ಧಾರಾವಾಹಿ ಅಂದಿನ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ‘ನಮ್ಮ ಕಡೆ ಎಲ್ಲರೂ ಅದನ್ನೇ ನೋಡುತ್ತಿದ್ದರು, ಆದರೂ ಯಾಕೆ ನಿಲ್ಲಿಸಿದರು?’ ಎಂಬ ಹಳೆಯ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲಿದೆ. 2015ರ ಮೊದಲಿನ ಅಂಕಿಯನ್ನೂ ನಂತರದ ಅಂಕಿಯನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಹೋಲಿಸಬಾರದು. ಬಾರ್ಕ್ ವಾರ ಶನಿವಾರಕ್ಕೆ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತದೆ, ಅಂಕಿ ಹೊರಬರುವುದು ಗುರುವಾರ. ಗುರುವಾರ ಬೆಳಗ್ಗೆ ಮುಖ್ಯಸ್ಥರ ಕೋಣೆಯಲ್ಲಿ ಹೇಗಿರುತ್ತಿತ್ತು ಎಂದು ಕೇಳಿ ನೋಡಿ. ಮಾತು ತಾನಾಗಿ ಬರುತ್ತದೆ.

ಪ್ರಶ್ನೆ: ವಯಸ್ಸಾದ ಮೂವರು ಸಹೋದ್ಯೋಗಿಗಳು ಬರೆಯಲಾರರು, ಹೇಳುತ್ತೇವೆ ಎನ್ನುತ್ತಾರೆ. ಆರಿದ್ರಾ ಮಳೆಯಲ್ಲಿ ರೆಕಾರ್ಡ್ ಮಾಡಿದ್ದು ಬರೀ ಸದ್ದು. ಫೋನಿನಲ್ಲೇ ಮಾಡಬಹುದೇ?
— ಹೊಸನಗರ

ಉತ್ತರ: ಫೋನಿನಲ್ಲಿ ಮಾಡಬಹುದು, ಆದರೆ ಫೋನನ್ನು ಮೇಜಿನ ಮೇಲಿಟ್ಟು ಅಲ್ಲ. ಬಟ್ಟೆಗೆ ಸಿಕ್ಕಿಸುವ ತಂತಿಯ ಮೈಕ್ ಕೊಳ್ಳಿ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಸಿಕ್ಕಿಸಿ. ಶಾಲು, ಜನಿವಾರ, ತಾಳಿಸರ ಉಜ್ಜದಂತೆ ನೋಡಿಕೊಳ್ಳಿ. ಆ ಉಜ್ಜುವ ಸದ್ದನ್ನು ಆಮೇಲೆ ತೆಗೆಯಲು ಆಗುವುದಿಲ್ಲ.

ಮಳೆಯ ಸದ್ದು ಮಾಡಿಗೆ ತಕ್ಕಂತೆ. ತಗಡಿನ ಮಾಡಿನ ಕೆಳಗೆ ಯಾವ ಮೈಕೂ ನಿಲ್ಲದು. ಹೆಂಚಿನ ಮನೆಯಾದರೆ ಅಟ್ಟ ಇರುವ ನಡುಮನೆಯಲ್ಲಿ ಕೂರಿಸಿ. ಅಟ್ಟದ ಹಲಗೆ ಸಾಕಷ್ಟು ತಡೆಯುತ್ತದೆ. ಜಗಲಿ ಬೇಡ, ಮಾಡಿನ ನೀರು ಬೀಳುವ ಸದ್ದು ಅಲ್ಲೇ. ಮಾತಾಡುವವರ ಹಿಂದಿನ ಗೋಡೆಗೆ ಎರಡು ಕಂಬಳಿ ತೂಗುಹಾಕಿ, ನೆಲಕ್ಕೆ ಚಾಪೆ ಹಾಸಿ, ದನಿ ಮೊಳಗುವುದು ನಿಲ್ಲುತ್ತದೆ. ಫ್ಯಾನ್, ಫ್ರಿಜ್, ಇನ್ವರ್ಟರ್ ಆರಿಸಿ. ಫ್ರಿಜ್ ಆರಿಸಿದವರು ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಿ. ಮತ್ತೆ ಹಚ್ಚದೆ ಹೊರಡಲು ಆಗುವುದಿಲ್ಲ. ಸಂಜೆ ಜೀರುಂಡೆ, ಕಪ್ಪೆ ಶುರುವಾಗುವ ಮುಂಚೆ, ಬೆಳಗ್ಗೆ ಹತ್ತರಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು. ಆತುರವಿಲ್ಲದಿದ್ದರೆ ನವೆಂಬರಿಗೆ ಮುಂದೂಡಿ. ಆದರೆ ಹೇಳುವವರಿಗೆ ಎಂಬತ್ತು ದಾಟಿದ್ದರೆ ಮಳೆಗಾಲ ಮುಗಿಯಲೆಂದು ಕಾಯಬೇಡಿ.

ಸೆಟ್ಟಿಂಗ್: ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್, ಮೋನೊ. ಗಂಟೆಗೆ ಸುಮಾರು ಅರ್ಧ ಗಿಗಾಬೈಟ್ ಬೇಕು. ಜೋರಾಗಿ ಮಾತಾಡಿದಾಗಲೂ ದನಿಯ ಮಟ್ಟ ತೋರಿಸುವ ಮುಳ್ಳು ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ. ಮೆಲ್ಲಗಿನ ದನಿಯನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಸರಿಮಾಡಲಾಗದು. ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಹಾಕಿ, ಪೂರ್ತಿ ಚಾರ್ಜ್ ಮಾಡಿ, ಕರೆಂಟ್ ನಂಬಬೇಡಿ. ಶುರುವಿಗೆ ನೀವೇ ದಿನಾಂಕ, ಊರು, ಹೆಸರು ಹೇಳಿ, ಆಮೇಲೆ 30 ಸೆಕೆಂಡ್ ಎಲ್ಲರೂ ಸುಮ್ಮನಿರಿ. ಕೋಣೆಯ ಆ ಬರೀ ಸದ್ದು ಸ್ವಚ್ಛ ಮಾಡುವಾಗ ಬೇಕಾಗುತ್ತದೆ.

ಒಂದು ಕೂತಿಗೆ 90 ನಿಮಿಷ ಮಿತಿ. ಇಸವಿ ನೆನಪಾಗದಿದ್ದರೆ ಇಸವಿ ಕೇಳಬೇಡಿ, ಗುರುತು ಕೊಡಿ. ‘ಬೆಂಗಳೂರು ದೂರದರ್ಶನ ಶುರುವಾಗಿತ್ತಾ?’ ಅಂದರೆ 1981ರ ನವೆಂಬರ್. ‘ಉದಯ ಬಂದಿತ್ತಾ?’ ಅಂದರೆ 1994. ‘ರಾಜ್‌ಕುಮಾರ್ ಅಪಹರಣ ಆದಾಗ ಎಲ್ಲಿದ್ದಿರಿ?’ ಅಂದರೆ 2000ದ ಜುಲೈ 30ರಿಂದ ನವೆಂಬರ್ 15. ಆ 108 ದಿನ ಯಾವ ಕನ್ನಡ ವಾಹಿನಿಯ ಕಚೇರಿಯವರೂ ಮರೆತಿರಲಾರರು. ಈಟಿವಿ ಕನ್ನಡ ಬಂದಿದ್ದು ಅದೇ ಡಿಸೆಂಬರಿನಲ್ಲಿ.

ಒಂದು ಗಂಟೆಯ ಮಾತನ್ನು ಬರಹಕ್ಕೆ ಇಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಯುನಿಕೋಡಿನಲ್ಲೇ ಟೈಪ್ ಮಾಡಿಸಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಮಾಡಿಸಿದರೆ ಮುಂದೆ ಹೆಸರು ಹುಡುಕಲು ಬಾರದು. ಹೇಳಿದವರ ಮಾತಿನ ಸೊಗಡನ್ನು ಗ್ರಂಥಭಾಷೆಗೆ ತಿದ್ದಬೇಡಿ. ‘ಹೇಳಿದ್ದ್ರು ಮಾರಾಯ್ರೆ’ ಎಂದದ್ದು ‘ತಿಳಿಸಿದ್ದರು’ ಆದ ಕೂಡಲೇ ಅರ್ಧ ಜೀವ ಹೋಯಿತು.

ಪ್ರಶ್ನೆ: ಅಣ್ಣ ವಾಹಿನಿಯಲ್ಲಿದ್ದಾಗಿನ ವಿಎಚ್‌ಎಸ್ ಕ್ಯಾಸೆಟ್‌ಗಳು 40ರಷ್ಟಿವೆ. ಬೀಳ್ಕೊಡುಗೆ ಸಭೆ, ಸಹೋದ್ಯೋಗಿಗಳ ಭಾಷಣ ಅದರಲ್ಲಿವೆ. ಬಿಳಿ ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಿದರೆ ಸರಿಹೋದೀತೇ?
— ಕೊಪ್ಪ

ಉತ್ತರ: ಬಿಸಿಲಿಗೆ ಹಾಕಬೇಡಿ. ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ. ಬಿತ್ತನೆ ಬೀಜಕ್ಕೆ ಹೊಂದುವ ಜಾಗ ಟೇಪಿಗೆ ಹೊಂದದು. ಹೊಗೆಯ ಕಣ ಟೇಪಿನ ಮೇಲೆ ಕೂತರೆ ಚಿತ್ರದಲ್ಲಿ ಬಿಳಿ ಗೆರೆ ಬೀಳುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾಗುತ್ತದೆ, ಟೇಪಿನ ಅಂಚು ಹಿಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ‘ಓಡುತ್ತಾ ನೋಡೋಣ’ ಎಂದು ಪ್ಲೇಯರಿಗೆ ಹಾಕಲೇಬೇಡಿ. ಬೂಷ್ಟಿನ ಪುಡಿ ತಿರುಗುವ ಹೆಡ್ಡಿಗೆ ಅಂಟುತ್ತದೆ, ಅದರ ನಂತರ ಹಾಕಿದ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಬೂಷ್ಟು ಸುರುಳಿಯ ಪದರಗಳನ್ನು ಬೆಸೆದಿದ್ದರೆ ಟೇಪ್ ಹರಿದೇ ಹೋಗುತ್ತದೆ.

ಗಾಳಿಯ ತೇವ ಶೇಕಡಾ 65 ದಾಟಿದರೆ ಬೂಷ್ಟು ಬೆಳೆಯಲು ಸಾಕು. ಪುಷ್ಯ, ಆಶ್ಲೇಷ ಮಳೆಯಲ್ಲಿ ನಿಮ್ಮಲ್ಲಿ 90 ದಾಟಿರುತ್ತದೆ. ಹಾಗಾಗಿ ಮೊದಲ ಕೆಲಸ ಒಣಗಿಸುವುದು. ಮೂಗಿಗೆ ಎನ್‌95 ಮಾಸ್ಕ್, ಕೈಗೆ ಗವಸು ಹಾಕಿಕೊಳ್ಳಿ. ಕ್ಯಾಸೆಟಿನ ಕಿಟಕಿಯಿಂದ ಸುರುಳಿ ನೋಡಿ, ಬಿಳಿ ಚುಕ್ಕೆ ಅಥವಾ ಎಳೆ ಕಂಡವನ್ನು ಬೇರೆ ಮಾಡಿ. ಕಾಗದದ ಡಬ್ಬಿ ಬೂಷ್ಟು ಹಿಡಿದಿದ್ದರೆ ಮೇಲಿನ ಬರಹದ ಫೋಟೊ ತೆಗೆದು ಡಬ್ಬಿ ಎಸೆಯಿರಿ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹತ್ತು ಕ್ಯಾಸೆಟ್ ನಿಲ್ಲಿಸಿ. ಮಲಗಿಸಬಾರದು, ಸುರುಳಿಯ ಭಾರ ಒಂದೇ ಅಂಚಿಗೆ ಬೀಳುತ್ತದೆ. ಪೆಟ್ಟಿಗೆಗೆ ಅರ್ಧ ಕಿಲೋ ಸಿಲಿಕಾ ಜೆಲ್ಲನ್ನು ತೆಳು ಬಟ್ಟೆಯ ಚೀಲದಲ್ಲಿ ಹಾಕಿ, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಬೇಡ. ಹಸಿರಾದದ್ದನ್ನು ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಮೀಟರ್ 40ರಿಂದ 50ರ ನಡುವೆ ನಿಂತ ಮೇಲೆ ಮೂರು ವಾರ ಹಾಗೇ ಬಿಡಿ. ಒದ್ದೆ ಬೂಷ್ಟನ್ನು ಒರೆಸಿದರೆ ಟೇಪಿಗೆ ಮೆತ್ತಿಕೊಳ್ಳುತ್ತದೆ. ಒಣಗಿದ್ದು ಪುಡಿಯಾಗಿ ಉದುರುತ್ತದೆ. ಆಮೇಲೆ ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ ಕೂತು, ಮೆತ್ತನೆ ಬ್ರಷ್ಷಿನಿಂದ ಹೊರಚಿಪ್ಪಿನ ಪುಡಿ ತೆಗೆಯಿರಿ. ಚಿಪ್ಪನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬಹುದು. ಅದನ್ನು ಟೇಪಿನ ಮೈಗೆ ಮಾತ್ರ ಮುಟ್ಟಿಸಬೇಡಿ.

ಇಲ್ಲಿಂದ ಮುಂದಿನದು ಬಲ್ಲವರ ಕೈಗೆ ಹೋಗಬೇಕು. ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಬೂಷ್ಟಿನ ಕ್ಯಾಸೆಟಿಗೆ ಬೇರೆಯೇ ಪ್ಲೇಯರ್ ಇಟ್ಟಿದ್ದೀರಾ? ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಒರೆಸುತ್ತೀರಾ? ನಡುಗುವ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಟೈಮ್ ಬೇಸ್ ಕರೆಕ್ಟರ್ ಇದೆಯಾ? ಮೂರಕ್ಕೂ ಹೌದು ಎಂದರೆ ಕೊಡಿ. ಕ್ಯಾಸೆಟಿನ ಬೆನ್ನಿನ ಎಡಗಡೆಯ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದೇ ಕಳಿಸಿ. ಆಗ ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ನಮ್ಮ ದೇಶದ ಕ್ಯಾಸೆಟಿನದು ಪಾಲ್ ಎಂಬ ಚಿತ್ರ ಪದ್ಧತಿ, 720 ಗುಣಿಸು 576 ಅಳತೆ, ಸೆಕೆಂಡಿಗೆ 25 ಚೌಕಟ್ಟು. ಅದೇ ಅಳತೆಯಲ್ಲಿ ಇಳಿಸಿಕೊಡಲು ಹೇಳಿ. ಹಿಗ್ಗಿಸಿ ಎಚ್‌ಡಿ ಮಾಡಿಕೊಡುತ್ತೇವೆ ಎಂದರೆ ಬೇಡ ಎನ್ನಿ. ಡಿವಿ ರೂಪದಲ್ಲಿ ಗಂಟೆಗೆ 13 ಗಿಗಾಬೈಟ್ ಆಗುತ್ತದೆ. ನೋಡಲು ಎಂಪಿ4 ಪ್ರತಿ ಬೇರೆ ಮಾಡಿಸಿ. ಎರಡು ಹಾರ್ಡ್ ಡಿಸ್ಕ್, ಒಂದು ಕೊಪ್ಪದಲ್ಲಿ, ಇನ್ನೊಂದು ಮಲೆನಾಡಿನ ಆಚೆ ನೆಂಟರ ಮನೆಯಲ್ಲಿ. ಮೂಲ ಕ್ಯಾಸೆಟ್‌ಗಳನ್ನು ಎಸೆಯಬೇಡಿ.

40ನ್ನೂ ಒಟ್ಟಿಗೆ ಮಾಡಿಸುವ ಶಕ್ತಿ ಇಲ್ಲದಿದ್ದರೆ ಭಾಷಣದವನ್ನು ಮೊದಲು ಆರಿಸಿ. ಪ್ರಸಾರವಾದ ಕಾರ್ಯಕ್ರಮದ ಪ್ರತಿ ಬೇರೆಲ್ಲಾದರೂ ಇದ್ದೀತು. ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿಯಂಥ ಸಂಸ್ಥೆಯೂ ಹಳೆಯದನ್ನು ಅಳಿಸಿ ಮೇಲೆ ರೆಕಾರ್ಡ್ ಮಾಡಿತ್ತು, ಹಾಗಾಗಿ ಅದೂ ಖಾತ್ರಿಯಲ್ಲ. ಆದರೆ ಬೀಳ್ಕೊಡುಗೆ ಸಭೆಯಲ್ಲಿ ಸಹೋದ್ಯೋಗಿಗಳು ಆಡಿದ ಮಾತು ನಿಮ್ಮಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲ.

ಪ್ರಶ್ನೆ: ಅವರಿಗೆ ಬಂದ ಪತ್ರಗಳನ್ನು ಮನೆಯವರು ಕೊಟ್ಟಿದ್ದಾರೆ. ಅಚ್ಚು ಮಾಡಬಹುದಲ್ಲವೇ? ಒಬ್ಬರು ಸ್ವಲ್ಪ ಕಟುವಾಗಿಯೂ ಬರೆದಿದ್ದಾರೆ.
— ಸೊರಬ

ಉತ್ತರ: ಪತ್ರದ ಕಾಗದ ಮನೆಯವರದು, ಅದರಲ್ಲಿರುವ ಬರಹದ ಹಕ್ಕು ಬರೆದವರದು. ಸಾಮಾನ್ಯವಾಗಿ ಬರೆದವರ ಜೀವಮಾನ, ಆಮೇಲೆ 60 ವರ್ಷ ಆ ಹಕ್ಕು ಇರುತ್ತದೆ. ತೀರಿಕೊಂಡಿದ್ದರೆ ವಾರಸುದಾರರ ಒಪ್ಪಿಗೆ ಲಿಖಿತವಾಗಿ ಪಡೆಯಿರಿ. ರೆಕಾರ್ಡ್ ಮಾಡಿದ ಮಾತಿಗೂ ಹಾಗೇ. ಬರಹಕ್ಕಿಳಿಸಿದ ಪ್ರತಿಯನ್ನು ಅವರಿಗೆ ಓದಲು ಕೊಟ್ಟು, ಪ್ರತಿ ಪುಟಕ್ಕೂ ಸಹಿ ಹಾಕಿಸಿ.

ಕಟು ಮಾತನ್ನು ತೆಗೆಯಬೇಡಿ. ಮುಖ್ಯಸ್ಥರಾದವರು ನೂರು ಕಥೆಯಲ್ಲಿ ಎರಡನ್ನು ಒಪ್ಪಿ 98 ಜನರ ಮನಸ್ಸು ನೋಯಿಸಿರುತ್ತಾರೆ. ಅದಿಲ್ಲದ ಸಂಪುಟವನ್ನು ಆ ಕಚೇರಿ ಬಲ್ಲವರು ಯಾರೂ ನಂಬುವುದಿಲ್ಲ. ಆದರೆ ಲಂಚ, ನಡತೆಯಂಥ ಆರೋಪವಾದರೆ ದಾಖಲೆ ಇಲ್ಲದೆ ಅಚ್ಚು ಮಾಡಬಾರದು. ತೀರಿಕೊಂಡವರ ಮೇಲಿನ ಆರೋಪವೂ, ಅದು ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾಗಿದ್ದರೆ, ಮಾನಹಾನಿ ಆಗಬಹುದು.

ಪ್ರಶ್ನೆ: ಪತ್ರಿಕೋದ್ಯಮ ವಿದ್ಯಾರ್ಥಿನಿ. ಇಂಥ ಸಂದರ್ಶನಗಳ ಒಳ್ಳೆಯ ಮಾದರಿ ಎಲ್ಲಿ ಸಿಗುತ್ತದೆ?
— ಶಂಕರಘಟ್ಟ

ಉತ್ತರ: ಅಮೆರಿಕದ ಟೆಲಿವಿಷನ್ ಅಕಾಡೆಮಿ ಫೌಂಡೇಶನ್ 1997ರಿಂದ ಟಿವಿಯವರ ದೀರ್ಘ ಸಂದರ್ಶನ ಸಂಗ್ರಹಿಸುತ್ತಿದೆ, ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಅಲ್ಲಿ ಮುಖ್ಯಸ್ಥರೂ ಇದ್ದಾರೆ, ಸಂಕಲನಕಾರರೂ ಉಡುಪು ವಿನ್ಯಾಸಕರೂ ಇದ್ದಾರೆ. ಒಬ್ಬ ಮುಖ್ಯಸ್ಥರನ್ನು ಆರಿಸಿ, ಅವರ ಹೆಸರನ್ನು ಬೇರೆಯವರ ಸಂದರ್ಶನಗಳಲ್ಲಿ ಹುಡುಕುತ್ತ ಹೋಗಿ. ಗ್ರಾಂಟ್ ಟಿಂಕರ್ ಒಳ್ಳೆಯ ಶುರು. ಅವರ ಕಾಲದ ‘ಚಿಯರ್ಸ್’ ಎಂಬ ಹಾಸ್ಯ ಧಾರಾವಾಹಿ 1982ರಲ್ಲಿ ಪಟ್ಟಿಯ ತಳದಲ್ಲಿ ಶುರುವಾಗಿ 1993ರವರೆಗೆ 11 ಸೀಸನ್ ಓಡಿತು. ಮೊದಲ ವರ್ಷ ಅದನ್ನು ಯಾಕೆ ಉಳಿಸಿದರು ಎಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಹುದ್ದೆಯವರು ಏನೇನು ಹೇಳುತ್ತಾರೆ ಎಂದು ಎರಡು ಕಾಲಮ್ಮಿನಲ್ಲಿ ಬರೆದುಕೊಳ್ಳಿ: ತಾನೇ ಕಂಡದ್ದು ಒಂದರಲ್ಲಿ, ಕೇಳಿದ್ದು ಇನ್ನೊಂದರಲ್ಲಿ. ಎರಡನೆಯ ಕಾಲಂ ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ಗಮನಿಸಿ, ನಿಮ್ಮ ಮೊದಲ ಸಂದರ್ಶನಕ್ಕೆ ಅದಾದ ಮೇಲೆ ಹೊರಡಿ.